ಆಟಿ ಅಮಾವಾಸ್ಯೆಯ ಹಾಲೆ ಕೆತ್ತೆ: ಮರ ಸಾಯದ ಹಾಗೆ ತೆಗೆಯುವುದು ಹೇಗೆ?

ಕರಾವಳಿಯಲ್ಲಿ ಆಟಿ ಅಮಾವಾಸ್ಯೆ (ತುಳು ತಿಂಗಳು ಆಟಿಯ ಅಮಾವಾಸ್ಯೆ) ಹತ್ತಿರ ಬಂತು ಅಂದರೆ ಹಾಲೆ ಮರಕ್ಕೆ, ಅಂದರೆ ಸಪ್ತಪರ್ಣಿಗೆ, ಗಂಡಾಂತರ. ಬೆಳಕು ಹರಿಯುವ ಮೊದಲೇ ಅದರ ಕೆತ್ತೆ, ಅಂದರೆ ತೊಗಟೆ ತಂದು, ಜಜ್ಜಿ, ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು, ಕಾಯಿಸಿದ ಬಿಳಿ ಕಲ್ಲು ಅದ್ದಿ ಒಗ್ಗರಣೆ ಕೊಟ್ಟು, ಖಾಲಿ ಹೊಟ್ಟೆಯಲ್ಲಿ ಕುಡಿಯುವುದು, ಆಮೇಲೆ ಮೆಂತ್ಯ ಗಂಜಿ ಉಣ್ಣುವುದು, ಇದೆಲ್ಲ ತುಳುನಾಡಿನವರಿಗೆ ಹೊಸತಲ್ಲ. ಒಬ್ಬರು ಕುಡಿಯುವುದು ಹೆಚ್ಚೆಂದರೆ ಒಂದು ಸಣ್ಣ ಲೋಟ. ಅಷ್ಟಕ್ಕೆ ಮರದ ಬುಡದಿಂದ ಎದೆಮಟ್ಟದವರೆಗೆ ಸುತ್ತಲೂ ಸುಲಿದು ಹೋಗುತ್ತಾರೆ. ರಸ್ತೆ ಬದಿಯಲ್ಲಿ, ಕೈಗೆ ಸಿಗುವ ಜಾಗದಲ್ಲಿ ಇರುವ ಮರಕ್ಕಂತೂ ವರ್ಷವೂ ಇದೇ ಗತಿ.

ಕಷಾಯ ಕುಡಿಯಬೇಡಿ ಅಂತ ನಾನು ಹೇಳುವುದಿಲ್ಲ. ಕೆತ್ತೆ ತೆಗೆಯುವುದಕ್ಕೆ ಒಂದು ಕ್ರಮ ಇದೆ. ಅದು ಗೊತ್ತಿದ್ದರೆ ಅದೇ ಮರದಿಂದ ಮೊಮ್ಮಕ್ಕಳೂ ಕೆತ್ತೆ ತೆಗೆಯಬಹುದು.

ಮೊದಲು, ಮರ ಸಾಯುವುದು ಯಾಕೆ?

ಹಾಲೆ ಮರದ ಹೊರಗಿನ ಬೂದು ಬಣ್ಣದ ಒರಟು ಪದರ ಸತ್ತ ಪದರ. ಅದು ಮರಕ್ಕೆ ರಕ್ಷಣೆ ಅಷ್ಟೇ. ಅದರ ಒಳಗಿರುವ ಹಸಿ ತೊಗಟೆ ಮುಖ್ಯ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ಅದರಲ್ಲೇ. ಹಸಿ ತೊಗಟೆಗೂ ಬಿಳಿ ಮರಕ್ಕೂ ನಡುವೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ತೆಳುವಾದ ಇನ್ನೊಂದು ಪದರ ಇದೆ, ಕ್ಯಾಂಬಿಯಂ ಅನ್ನುತ್ತಾರೆ. ಹೊಸ ತೊಗಟೆ ಹುಟ್ಟುವುದು ಅಲ್ಲಿಂದ. ಅದರ ಒಳಗಿನ ಬಿಳಿ ಮರದಲ್ಲಿ ಬೇರಿನ ನೀರು ಮೇಲಕ್ಕೆ ಹೋಗುತ್ತದೆ.

ಈಗ ಸುತ್ತಲೂ ಸುಲಿದರೆ ಏನಾಗುತ್ತದೆ ನೋಡಿ. ನೀರು ಮೇಲೆ ಹೋಗುತ್ತಲೇ ಇರುತ್ತದೆ, ಹಾಗಾಗಿ ಎಲೆ ಹಸಿರಾಗಿಯೇ ಕಾಣುತ್ತದೆ. ಆದರೆ ಬೇರಿಗೆ ಆಹಾರ ಬರುವ ದಾರಿ ಕಟ್ಟಾಯಿತು. ಬೇರು ತನ್ನಲ್ಲಿ ಕೂಡಿಟ್ಟದ್ದನ್ನು ತಿಂದು ಕೆಲವು ತಿಂಗಳು ತಳ್ಳುತ್ತದೆ, ಆಮೇಲೆ ನಿಧಾನವಾಗಿ ಸಾಯುತ್ತದೆ. ಮರ ಒಣಗುವ ಹೊತ್ತಿಗೆ ಆಟಿ ಯಾರಿಗೂ ನೆನಪಿರುವುದಿಲ್ಲ. "ನಾವು ತೆಗೆದಾಗ ಏನೂ ಆಗಿರಲಿಲ್ಲ, ಚೆನ್ನಾಗೇ ಇತ್ತು" ಅಂತ ಎಲ್ಲರೂ ಹೇಳುವುದು ಇದೇ ಕಾರಣಕ್ಕೆ.

ಇನ್ನೊಂದು ವಿಷಯ. ಆಟಿ ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಜಡಿಮಳೆಯ ಕಾಲ. ಮರದ ಬೆಳವಣಿಗೆ ಜೋರಾಗಿರುತ್ತದೆ, ಕ್ಯಾಂಬಿಯಂ ತೇವವಾಗಿ ಜಾರುತ್ತಿರುತ್ತದೆ. ಒಂದು ಅಂಚು ಎಬ್ಬಿಸಿ ಎಳೆದರೆ ಸಾಕು, ಬೇಯಿಸಿದ ಗೆಣಸಿನ ಸಿಪ್ಪೆಯಂತೆ ಇಡೀ ತೊಗಟೆ ಮರದಿಂದ ಬಿಟ್ಟು ಬರುತ್ತದೆ. ಸುಲಭವಾಗಿ ಬರುತ್ತದಲ್ಲ ಅಂತ ಎಳೆಯುತ್ತಾ ಹೋಗುತ್ತಾರೆ. ಬೇಸಿಗೆಯಲ್ಲಾದರೆ ಇಷ್ಟು ಹಾನಿ ಮಾಡಲು ಅರ್ಧ ದಿನ ಬೇಕಾದೀತು.

ಹಿಂದಿನ ದಿನ ಹಗಲಲ್ಲೇ ಮರ ಗುರುತು ಮಾಡಿ

ಇದು ಮರಕ್ಕಿಂತ ಜಾಸ್ತಿ ನಿಮ್ಮ ಜೀವಕ್ಕೆ ಬೇಕಾದ ಕೆಲಸ. ಅಮಾವಾಸ್ಯೆಯ ಕತ್ತಲು, ಮೇಲಿಂದ ಮಳೆ, ಕೈಯಲ್ಲಿ ಟಾರ್ಚು. ಕತ್ತಲಲ್ಲಿ ಒಂದು ಬೂದು ಕಾಂಡಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನಮ್ಮ ಗುಡ್ಡಗಳಲ್ಲಿ ಕಾಸರಕವೂ ಬೇಕಾದಷ್ಟಿದೆ. ಅದರ ತೊಗಟೆಯಲ್ಲಿ, ಬೀಜದಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ಪ್ರಾಣಕ್ಕೇ ಎರವಾಗುವ ವಿಷಗಳಿವೆ. ಅದೂ ಕಹಿ, ಇದೂ ಕಹಿ. ನಾಲಿಗೆಗೆ ತಾಗಿಸಿ ಪರೀಕ್ಷೆ ಮಾಡುತ್ತೇನೆ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಿ.

ಹಾಲೆಯ ಗುರುತು ಎಲೆಯಲ್ಲಿದೆ. ಗೆಣ್ಣಿನಲ್ಲಿ ಒಂದೇ ಮಟ್ಟದಲ್ಲಿ, ಸುತ್ತಲೂ ನಾಲ್ಕರಿಂದ ಏಳು, ಕೆಲವೊಮ್ಮೆ ಇನ್ನೂ ಜಾಸ್ತಿ ಎಲೆಗಳು ವೃತ್ತವಾಗಿ ಇರುತ್ತವೆ. ಏಳೆಲೆ ಹಾಲೆ, ಸಪ್ತಪರ್ಣಿ ಅಂತ ಕರೆಯುವುದು ಅದಕ್ಕೇ. ಎಲೆಯ ಮೇಲ್ಭಾಗ ಹೊಳೆಯುವ ಕಡು ಹಸಿರು, ನಡುನರದಿಂದ ಎರಡೂ ಬದಿಗೆ ಸಣ್ಣ ನರಗಳು ಒತ್ತೊತ್ತಾಗಿ ಸಾಲು ಹಿಡಿದಿರುತ್ತವೆ. ಎಳೆಯ ಮರದಲ್ಲಿ ಕೊಂಬೆಗಳೂ ಹಾಗೆಯೇ, ಅಂತಸ್ತು ಅಂತಸ್ತಾಗಿ. ಎಲೆ ಮುರಿದರೆ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆಗಳು ಎದುರು ಬದುರು ಎರಡೆರಡೇ, ಎಲೆಯ ಬುಡದಿಂದಲೇ ಮೂರರಿಂದ ಐದು ದಪ್ಪ ನರಗಳು ತುದಿಯ ಕಡೆಗೆ ಹೊರಡುತ್ತವೆ, ಹಾಲು ಇಲ್ಲ. ಹಾಗಂತ ಹಾಲು ಬಂದದ್ದೆಲ್ಲ ಹಾಲೆಯೂ ಅಲ್ಲ. ಹಳದಿ ಕಣಗಿಲೆಗೂ ಹಾಲಿದೆ, ಅದೂ ವಿಷವೇ. ಎಲೆಯ ವೃತ್ತ ಮತ್ತು ಹಾಲು, ಎರಡೂ ಸೇರಿ ಇದ್ದರೆ ಮಾತ್ರ ಮುಂದುವರಿಯಿರಿ. ಎಲೆ ಕೈಗೆ ಸಿಗದಷ್ಟು ಎತ್ತರದ ಮರವಾದರೆ ಗೊತ್ತಿರುವ ಹಿರಿಯರನ್ನು ಕರೆದುಕೊಂಡು ಹೋಗಿ. ಅನುಮಾನ ಇದ್ದರೆ ಆ ವರ್ಷ ಕಷಾಯ ಬಿಡಿ, ಏನೂ ನಷ್ಟ ಇಲ್ಲ.

ಖಚಿತ ಆದ ಮೇಲೆ ಕಾಂಡಕ್ಕೆ ಒಂದು ನೂಲು ಕಟ್ಟಿ ಬನ್ನಿ. ಮರ ಯಾರದ್ದು ಅಂತಲೂ ಆಗಲೇ ವಿಚಾರಿಸಿಕೊಳ್ಳಿ. ನಿಮ್ಮ ಜಾಗದ್ದಾದರೆ ಸರಿ, ಪಕ್ಕದವರದ್ದಾದರೆ ಒಂದು ಮಾತು ಕೇಳಿ. ಅರಣ್ಯ ಇಲಾಖೆಯ ಕಾಡಿನ ಮರಕ್ಕೆ ಅನುಮತಿ ಇಲ್ಲದೆ ಕೈ ಹಾಕಬೇಡಿ. ಕಾನೂನಿನ ಲೆಕ್ಕದಲ್ಲಿ ತೊಗಟೆಯೂ ಅರಣ್ಯ ಉತ್ಪನ್ನವೇ.

ದಾರದಿಂದ ಅಳೆಯಿರಿ

ನೂಲು ಕಟ್ಟುವಾಗಲೇ ಅಳತೆಯೂ ಆಗಲಿ. ಎದೆಮಟ್ಟದಲ್ಲಿ ದಾರವನ್ನು ಮರಕ್ಕೆ ಒಂದು ಸುತ್ತು ತನ್ನಿ. ಸುತ್ತಳತೆ ಎರಡು ಅಡಿಗಿಂತ, ಅಂದರೆ ಸುಮಾರು 60 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಆ ಮರ ಇನ್ನೂ ಎಳೆಯದು, ಬಿಡಿ. ಜಾಸ್ತಿ ಇದ್ದರೆ ದಾರವನ್ನು ಎರಡು ಸಲ ಮಡಚಿ. ಸಿಗುವ ಕಾಲು ಭಾಗವೇ ನಿಮ್ಮ ಗಡಿ. ಮರದ ಮೇಲಿನ ಎಲ್ಲ ಗಾಯಗಳ ಅಗಲ ಸೇರಿಸಿದರೂ ಅದನ್ನು ದಾಟಬಾರದು.

"ಎಲ್ಲ ಗಾಯ ಸೇರಿಸಿ" ಅಂದದ್ದು ಸುಮ್ನೆ ಅಲ್ಲ. ಆಹಾರ ಮೇಲಿಂದ ಕೆಳಕ್ಕೆ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತದೆ. ನೀವು ಪೂರ್ವಕ್ಕೆ ಮೊಣಕಾಲಿನ ಮಟ್ಟದಲ್ಲಿ ಕಾಲು ಭಾಗ ತೆಗೆದಿರಿ, ಪಕ್ಕದ ಮನೆಯವರು ಅಷ್ಟೇ ಪಶ್ಚಿಮಕ್ಕೆ ಸೊಂಟದ ಮಟ್ಟದಲ್ಲಿ, ಮತ್ತೊಬ್ಬರು ಉತ್ತರಕ್ಕೆ ಎದೆಮಟ್ಟದಲ್ಲಿ. ನೋಡಲು ಮೂರು ಬೇರೆ ಬೇರೆ ಗಾಯ, ಒಂದಕ್ಕೊಂದು ತಾಗಿಲ್ಲ. ಮರದ ಪಾಲಿಗೆ ಮುಕ್ಕಾಲು ದಾರಿ ಮುಚ್ಚಿದೆ. ಅದೇ ಲೆಕ್ಕದಲ್ಲಿ, ಗಾಯ ಉದ್ದ ಜಾಸ್ತಿ ಆದರೆ ಅಷ್ಟು ತೊಂದರೆ ಇಲ್ಲ, ಅಗಲ ಜಾಸ್ತಿ ಆದರೆ ತೊಂದರೆ. ಹೆಚ್ಚು ಬೇಕಾದರೆ ಮೇಲೆ ಕೆಳಗೆ ಹೋಗಿ, ಪಕ್ಕಕ್ಕೆ ಹೋಗಬೇಡಿ.

ಈ ಕಾಲು ಭಾಗದ ಲೆಕ್ಕ ನನ್ನದಲ್ಲ. ಜಬಲ್ಪುರದ ಉಷ್ಣವಲಯ ಅರಣ್ಯ ಸಂಶೋಧನಾ ಸಂಸ್ಥೆಯವರು ತೊರೆಮತ್ತಿಯಂಥ (ಅರ್ಜುನ) ಔಷಧಿ ಮರಗಳ ಮೇಲೆ ಪ್ರಯೋಗ ಮಾಡಿ ಹೇಳಿದ್ದೂ ಇದನ್ನೇ. ಒಂದು ಸಲಕ್ಕೆ ಕಾಲು ಭಾಗ, ಅದು ತುಂಬಿ ಬಂದ ಮೇಲೆ ಎದುರು ಬದಿಯ ಕಾಲು ಭಾಗ, ಒಳಗಿನ ಪದರ ಮರಕ್ಕೇ ಬಿಡಬೇಕು. ಆಫ್ರಿಕಾದ ಕ್ಯಾಮರೂನ್‌ನಲ್ಲಿ ಪ್ರೂನಸ್ ಆಫ್ರಿಕಾನಾ ಎಂಬ ಮರದ ತೊಗಟೆಗೆ ಪ್ರಾಸ್ಟೇಟ್ ಔಷಧಿ ಕಂಪನಿಗಳಿಂದ ಭಾರೀ ಬೇಡಿಕೆ ಬಂದಾಗ ಅಲ್ಲೂ ಇಂಥದ್ದೇ ನಿಯಮ ಇತ್ತು, ಎದುರು ಬದುರಿನ ಎರಡು ಕಾಲು ಭಾಗ ಮಾತ್ರ ಅಂತ. ದುಡ್ಡಿನ ಮುಂದೆ ನಿಯಮ ನಿಲ್ಲಲಿಲ್ಲ, ಬುಡದಿಂದ ತುದಿವರೆಗೆ ಸುಲಿದರು, ಕಡಿದೂ ಹಾಕಿದರು. ಕೊನೆಗೆ 1995ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ಕಡಿವಾಣ ಬಿತ್ತು.

ನಮಗೆ ಕಾಲು ಭಾಗವೂ ಬೇಡ. ಐದಾರು ಜನರ ಮನೆಗೆ ನಾಲ್ಕು ಬೆರಳು ಅಗಲ, ಒಂದು ಗೇಣು ಉದ್ದದ ಕೆತ್ತೆ ಧಾರಾಳ. 60 ಸೆಂಟಿಮೀಟರ್ ಸುತ್ತಳತೆಯ ಮರದಲ್ಲಿ ಕಾಲು ಭಾಗ ಅಂದರೆ 15 ಸೆಂಟಿಮೀಟರ್. ನಾಲ್ಕು ಬೆರಳು ಅದರ ಅರ್ಧದಷ್ಟು ಮಾತ್ರ.

ತೆಗೆಯುವ ಕ್ರಮ

ಯಾವ ಬದಿ? ಮಧ್ಯಾಹ್ನದ ಮೇಲಿನ ಬಿಸಿಲು ನೇರ ಬೀಳದ ಬದಿ. ಗಾಯದ ಮೇಲೆ ಬಿಸಿಲು ಬಿದ್ದರೆ ಒಳಗಿನ ಪದರ ಒಣಗಿ ಹೋಗುತ್ತದೆ, ಒಣಗಿದ್ದು ಮತ್ತೆ ಬೆಳೆಯುವುದಿಲ್ಲ. ಬುಡದಲ್ಲಿ ಮಣ್ಣು ಸಿಡಿಯುವಷ್ಟು ಕೆಳಗೆ ಬೇಡ, ಸೊಂಟದ ಮಟ್ಟ ಒಳ್ಳೆಯದು. ಹಳೆಯ ಗಾಯ ಇದ್ದರೆ, ಅದು ಪೂರ್ತಿ ಮುಚ್ಚಿಲ್ಲದಿದ್ದರೆ, ಆ ಮರ ಬಿಟ್ಟು ಬೇರೆ ಹುಡುಕಿ.

ಈಗ ಕಲ್ಲೋ ಕತ್ತಿಯೋ? ಹಾಲೆಗೆ ಕಬ್ಬಿಣ ತಾಗಿಸಬಾರದು, ಚೂಪು ಕಲ್ಲಿನಿಂದಲೇ ಕೆತ್ತೆ ತೆಗೆಯಬೇಕು ಅನ್ನುವುದು ಹಳೆಯ ಕಟ್ಟಳೆ. ಹಿಂದೆ ಬತ್ತಲೆಯಾಗಿ ಹೋಗುತ್ತಿದ್ದರಂತೆ, ಆ ಭಾಗವನ್ನು ಈಗ ಎಲ್ಲರೂ ಬಿಟ್ಟು ರೈನ್‌ಕೋಟ್ ಹಾಕಿಕೊಂಡಿದ್ದಾರೆ, ಒಳ್ಳೆಯದೇ ಆಯಿತು. ಆದರೆ ಕಲ್ಲಿನ ನಿಯಮ ಉಳಿಯಬೇಕು ಅಂತ ನನಗೆ ಅನ್ನಿಸುತ್ತದೆ. ಕಲ್ಲಿನಲ್ಲಿ ಜಜ್ಜಿ ಒಂದು ಗೇಣು ಕೆತ್ತೆ ಎಬ್ಬಿಸುವಷ್ಟರಲ್ಲಿ ಕೈ ಸೋಲುತ್ತದೆ, ಮಳೆಯಲ್ಲಿ ನೆನೆದು ಸಾಕಪ್ಪಾ ಅನ್ನಿಸುತ್ತದೆ. ಮರ ಉಳಿಯುತ್ತಿದ್ದದ್ದು ಅದರಿಂದಲೇ ಇರಬಹುದು. ಕಲ್ಲಿನ ದೋಷ ಏನೆಂದರೆ ಅಂಚು ಜಜ್ಜಿ ಹೋಗುತ್ತದೆ, ಜಜ್ಜಿದ ಅಂಚು ನಿಧಾನವಾಗಿ ಮಾಯುತ್ತದೆ, ಕೊಳೆ ಹಿಡಿಯುವುದೂ ಅಲ್ಲೇ. ಸಣ್ಣ ಗಾಯಕ್ಕೆ ಕಲ್ಲು ನಡೆಯುತ್ತದೆ. ಕತ್ತಿ ಬಳಸುವವರಾದರೆ ಹರಿತವಾದ ಸಣ್ಣ ಚೂರಿ ತೆಗೆದುಕೊಳ್ಳಿ, ದೊಡ್ಡ ಕತ್ತಿ ಬೀಸಿ ಹೊಡೆಯಬೇಡಿ. ಬೀಸಿದ ಏಟು ನೇರ ಬಿಳಿ ಮರಕ್ಕೇ ಹೋಗಿ ನಿಲ್ಲುತ್ತದೆ.

ಚೂರಿಯಲ್ಲಾದರೆ ಹೀಗೆ. ನಾಲ್ಕು ಬೆರಳು ಅಂತರದಲ್ಲಿ ಮೇಲಿಂದ ಕೆಳಕ್ಕೆ ಎರಡು ಗೀರು ಹಾಕಿ. ಮೇಲೂ ಕೆಳಗೂ ಆ ಗೀರುಗಳನ್ನು ಅಡ್ಡಗೆರೆಯಿಂದ ಸೇರಿಸಬೇಡಿ, ಚೂಪಾಗಿ ಸೇರಿಸಿ, ಒಂದು ಉದ್ದನೆಯ ಎಲೆಯ ಆಕಾರ ಬರಬೇಕು. ಕೆಳಗಿನ ತುದಿ ಚಪ್ಪಟೆ ಇದ್ದರೆ ಮಳೆನೀರು ಅಲ್ಲೇ ನಿಲ್ಲುತ್ತದೆ, ಚೂಪಾಗಿದ್ದರೆ ಹರಿದು ಹೋಗುತ್ತದೆ. ಗೀರು ಹಾಕಿದ ಕೂಡಲೇ ಹಾಲು ಉಕ್ಕಿ ಬರುತ್ತದೆ, ಬೆರಳಿಗೆಲ್ಲ ಅಂಟುತ್ತದೆ. ಅದೇ ಕೈಯಲ್ಲಿ ಕಣ್ಣು ಉಜ್ಜಬೇಡಿ. ತೆಂಗಿನೆಣ್ಣೆ ಸವರಿ ಆಮೇಲೆ ಸೋಪು ಹಾಕಿದರೆ ಹೋಗುತ್ತದೆ.

ಆಳ ಎಷ್ಟು ಅನ್ನುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗ. ಚೂರಿಯನ್ನು ಓರೆಯಾಗಿ ಹಿಡಿದು ಪದರ ಪದರವಾಗಿ ಹೆರೆಯುತ್ತಾ ಬನ್ನಿ. ಮೊದಲು ಬೂದು ಒರಟು ಪದರ ಹೋಗುತ್ತದೆ. ಆಮೇಲೆ ಕೆನೆ ಬಣ್ಣದ, ಹಾಲು ತುಂಬಿದ, ಚೂರು ಚೂರಾಗಿ ಮುರಿಯುವ ಪದರ. ನಿಮಗೆ ಬೇಕಾದದ್ದು ಅದು. ಚೂರಿಯ ಅಡಿಯಲ್ಲಿ ಮೆತ್ತಗೆ, ಜಾರಿದ ಹಾಗೆ ಅನ್ನಿಸಲು ಶುರುವಾದರೆ ನಿಲ್ಲಿಸಿ. ಅದರ ಕೆಳಗಿನ ತೆಳು ಪದರ ಮರಕ್ಕಿರಲಿ. ಬಿಳಿ, ನುಣುಪಾದ, ಒದ್ದೆ ಮರ ಕಂಡಿತು ಅಂದರೆ ದಾಟಿ ಹೋದಿರಿ ಅಂತ ಅರ್ಥ. ಆಗ ಗಾಬರಿ ಬೇಡ, ಆ ಒದ್ದೆ ಮೇಲ್ಮೈಯನ್ನು ಕೈಯಲ್ಲಿ ಮುಟ್ಟಬೇಡಿ, ಒರೆಸಬೇಡಿ, ಕೆರೆಯಬೇಡಿ. ಅದರ ಮೇಲೆ ಉಳಿದಿರುವ ಜೀವಕೋಶಗಳು ಒಣಗದಿದ್ದರೆ ಅಲ್ಲಿಂದಲೇ ಹೊಸ ತೊಗಟೆ ಬರುವ ಸಾಧ್ಯತೆ ಇದೆ. ಅಡಿಕೆ ಹಾಳೆಯ ತುಂಡನ್ನೋ ಬಾಳೆ ಎಲೆಯನ್ನೋ ಗಾಯಕ್ಕೆ ತಾಗದ ಹಾಗೆ ಸಡಿಲವಾಗಿ ಬಾಳೆನಾರಿನಿಂದ ಕಟ್ಟಿ. ನೈಲಾನ್ ಹಗ್ಗ ಬೇಡ. ನಾರಾದರೆ ತಾನೇ ಕೊಳೆತು ಬೀಳುತ್ತದೆ, ನೈಲಾನ್ ಬಿಗಿದುಕೊಂಡು ಮರಕ್ಕೆ ಇನ್ನೊಂದು ಉರುಳಾಗುತ್ತದೆ.

ಒಳಪದರ ಉಳಿದಿದ್ದರೆ ಯಾವ ಲೇಪವೂ ಬೇಕಾಗಿಲ್ಲ. ಸೆಗಣಿ ಮೆತ್ತುವುದು, ಟಾರು, ಪೇಂಟು ಬಳಿಯುವುದು, ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣ ಎರಚುವುದು, ಇವೆಲ್ಲ ನಮ್ಮ ಸಮಾಧಾನಕ್ಕೆ. ಮರ ತನ್ನ ಗಾಯವನ್ನು ಅಂಚಿನಿಂದ ಒಳಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಗಾಯ ಅಗಲ ಕಡಿಮೆ ಇದ್ದಷ್ಟೂ ಬೇಗ ಮುಚ್ಚುತ್ತದೆ.

ಗಾಯ ಮುಚ್ಚುವವರೆಗೆ

ಮಳೆ ಮುಗಿದ ಮೇಲೆ ಒಮ್ಮೆ ಹೋಗಿ ನೋಡಿ. ಅಂಚಿನಲ್ಲಿ ದುಂಡಗೆ ಉಬ್ಬಿಕೊಂಡು ಹೊಸ ತೊಗಟೆ ಒಳಗೆ ಸರಿಯುತ್ತಿದ್ದರೆ ಮರ ಆರೋಗ್ಯವಾಗಿದೆ. ಅಂಚು ಕಪ್ಪಾಗಿ, ಬೆರಳಲ್ಲಿ ಒತ್ತಿದರೆ ತಗ್ಗಿ, ಕೆಳಗಿಂದ ಹುಡಿ ಉದುರುತ್ತಿದ್ದರೆ ಕೊಳೆಯೋ ಹುಳವೋ ಸೇರಿದೆ. ಸಡಿಲವಾದ ಸತ್ತ ತೊಗಟೆಯನ್ನು ಮಾತ್ರ ಹರಿತ ಚೂರಿಯಿಂದ ಬಿಡಿಸಿ, ಗಾಳಿಯಾಡಲು ಬಿಡಿ. ಆ ಮರವನ್ನು ಮುಂದೆ ಕೆತ್ತೆಗೆ ಬಳಸಬೇಡಿ.

ಪೋರ್ಚುಗಲ್‌ನಲ್ಲಿ ಬಾಟಲಿ ಬಿರಡೆಯ ಕಾರ್ಕ್ ಬರುವುದು ಓಕ್ ಮರದ ತೊಗಟೆಯಿಂದ. ಅವರು ಸುತ್ತಲೂ ಸುಲಿಯುತ್ತಾರೆ, ಆದರೂ ಮರ ಸಾಯುವುದಿಲ್ಲವಲ್ಲ ಅಂತ ಯಾರಾದರೂ ಕೇಳಿಯಾರು. ಅಲ್ಲಿ ತೆಗೆಯುವುದು ಹೊರಗಿನ ಸತ್ತ ಪದರವನ್ನು ಮಾತ್ರ. ಹಸಿ ತೊಗಟೆಗೆ ಕೊಡಲಿ ತಾಗದ ಹಾಗೆ ಸುಲಿಯಲು ವರ್ಷಗಟ್ಟಲೆ ಪಳಗಿದ ಕೆಲಸಗಾರರೇ ಬೇಕು. ಮರಕ್ಕೆ ಸುಮಾರು 25 ವರ್ಷ ತುಂಬುವವರೆಗೆ ಮುಟ್ಟುವುದಿಲ್ಲ. ಒಮ್ಮೆ ಸುಲಿದರೆ ಮತ್ತೆ 9 ವರ್ಷ ಬಿಡುತ್ತಾರೆ. ಮರೆಯಬಾರದು ಅಂತ ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆದಿಡುತ್ತಾರೆ. ಈ ಅಂಕಿ ಬರೆಯುವ ಬುದ್ಧಿ ನಮಗೂ ಬೇಕು. ಹಾಲೆ ಮರದ ಮೇಲೆ ಸುಣ್ಣದಲ್ಲಿ ವರ್ಷ ಬರೆದರೆ ನಿಮ್ಮ ನಂತರ ಬರುವವರಿಗೂ ಗೊತ್ತಾಗುತ್ತದೆ. ಮುಂದಿನ ವರ್ಷ ಬೇರೆ ಮರ, ಈ ಮರಕ್ಕೆ ಗಾಯ ಪೂರ್ತಿ ಮುಚ್ಚುವವರೆಗೆ ರಜೆ.

ನೂರಾರು ಜನರಿಗೆ ಹಂಚುವವರು ಓದಿ

ಈಗ ಪೇಟೆಗಳಲ್ಲಿ ಸಂಘ ಸಂಸ್ಥೆಗಳು ಸಾರ್ವಜನಿಕವಾಗಿ ಕಷಾಯ ಹಂಚುತ್ತವೆ. ಒಳ್ಳೆಯ ಉದ್ದೇಶವೇ. ಆದರೆ ಅಷ್ಟೂ ಕೆತ್ತೆ ಎರಡು ಮರದಿಂದ ಬಂದರೆ ಆ ಎರಡು ಮರದ ಕಥೆ ಮುಗಿಯಿತು ಅಲ್ವಾ? ನನ್ನ ಸಲಹೆ, ಕಾಂಡವನ್ನು ಮುಟ್ಟಲೇಬೇಡಿ. ಕೊಂಬೆ ಕಡಿಯಿರಿ. ಮಣಿಕಟ್ಟಿನಷ್ಟು ದಪ್ಪದ ಒಂದು ಕೊಂಬೆಯ ತೊಗಟೆಯನ್ನು ಪೂರ್ತಿ ಸುಲಿಯಬಹುದು, ಮರಕ್ಕೆ ಅದು ಸವರಿದ ಲೆಕ್ಕ ಅಷ್ಟೇ. ಕಹಿಗಂತೂ ಕೊಂಬೆಯಲ್ಲೂ ಕೊರತೆ ಇಲ್ಲ. ಕಡಿಯುವಾಗ ಮೊದಲು ಅಡಿಯಿಂದ ಗರಗಸದಲ್ಲಿ ಸ್ವಲ್ಪ ಕೊಯ್ದು ಆಮೇಲೆ ಮೇಲಿಂದ ಕೊಯ್ಯಿರಿ, ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸೀಳಿಕೊಂಡು ಹೋಗುತ್ತದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಇರುತ್ತದೆ, ಅದನ್ನು ಉಳಿಸಿ, ಅದರ ಹೊರಗೆ ಕೊಯ್ಯಿರಿ. ಕಬ್ಬಿಣ ತಾಗಬಾರದು ಅನ್ನುವವರು ಇದಕ್ಕೆ ಒಪ್ಪುವುದಿಲ್ಲ, ಗೊತ್ತು. ಅವರು ಹತ್ತು ಮರ ಹುಡುಕಿ ಪ್ರತಿ ಮರದಿಂದ ಒಂದೊಂದು ಗೇಣು ಕಲ್ಲಿನಲ್ಲೇ ತೆಗೆಯಲಿ. ಯಾರದ್ದೋ ಜಾಗದಲ್ಲಿ ಮನೆ ಕಟ್ಟಲು ಹಾಲೆ ಮರ ಕಡಿಯುತ್ತಿದ್ದಾರೆ ಅಂತ ಗೊತ್ತಾದರೆ ಮೊದಲು ಅಲ್ಲಿಗೆ ಓಡಿ.

ಹಂಚುವವರಿಗೆ ಇನ್ನೊಂದು ಮಾತು. ಗರ್ಭಿಣಿಯರು, ಪುಟ್ಟ ಮಕ್ಕಳು, ದಿನವೂ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕುಡಿಯುವುದು ಬೇಡ ಅಂತ ಒಂದು ಬೋರ್ಡ್ ಹಾಕಿ.

ಬೇರೆ ಮರಗಳಿಗೂ ಇದೇ ಕ್ರಮವೇ?

ಬಹುಮಟ್ಟಿಗೆ ಹೌದು. ಹೊಳೆ ಬದಿಯ ತೊರೆಮತ್ತಿಗೆ ಇನ್ನೂ ಸುಲಭ, ಅದರ ಹೊರ ತೊಗಟೆ ದೊಡ್ಡ ದೊಡ್ಡ ಚಕ್ಕೆಯಾಗಿ ತಾನೇ ಕಳಚುತ್ತದೆ. ಗುಳಮಾವಿನ ಕಥೆ ಬೇಸರದ್ದು. ಅಗರಬತ್ತಿ ಕಡ್ಡಿಗೆ ಹಿಟ್ಟು ಅಂಟಲು ಬೇಕಾದ ಜಿಗಟಿಗೆ ಇದರ ತೊಗಟೆ ಬಳಸುತ್ತಾರೆ, ಪಶ್ಚಿಮ ಘಟ್ಟದಲ್ಲಿ ಎಷ್ಟೋ ಮರಗಳು ನಿಂತಲ್ಲೇ ಸುಲಿಸಿಕೊಂಡು ಸತ್ತಿವೆ. ಸೀತಾ ಅಶೋಕದ ತೊಗಟೆ ಅಶೋಕಾರಿಷ್ಟಕ್ಕೆ ಹೋಗುತ್ತದೆ. ಕಾಡಿನಲ್ಲಿ ಅದು ಈಗಾಗಲೇ ಅಪಾಯದಲ್ಲಿದೆ, ಬೇಕಿದ್ದರೆ ನೆಟ್ಟು ಬೆಳೆಸಿದ ಮರದಿಂದ ಮಾತ್ರ ತೆಗೆಯಿರಿ. ಶಾಲೆ, ಆಫೀಸುಗಳ ಕಾಂಪೌಂಡಿನಲ್ಲಿ ಕಂಬದಂತೆ ನೆಟ್ಟಗೆ ನಿಂತಿರುವ "ಅಶೋಕ" ಅದಲ್ಲ, ಔಷಧಿಯಲ್ಲಿ ಕಲಬೆರಕೆಗೆ ಅದನ್ನು ಬಳಸುವವರಿದ್ದಾರೆ.

ದಾಲ್ಚಿನ್ನಿಯದು ಪೂರ್ತಿ ಬೇರೆ ದಾರಿ. ನಿಂತ ಮರವನ್ನು ಸುಲಿಯುವುದೇ ಇಲ್ಲ. ಗಿಡವನ್ನು ಬುಡದ ಹತ್ತಿರ ಕಡಿದು ಚಿಗುರಲು ಬಿಡುತ್ತಾರೆ. ಸುಮಾರು ಎರಡು ವರ್ಷಕ್ಕೆ ಹೆಬ್ಬೆರಳು ದಪ್ಪ ಆದ ಕೋಲುಗಳನ್ನು ಕಡಿದು, ಹೊರಪದರ ಹೆರೆದು, ಒಳ ತೊಗಟೆ ಬಿಡಿಸಿ ನೆರಳಲ್ಲಿ ಒಣಗಿಸುತ್ತಾರೆ. ಬುಡದಿಂದ ಮತ್ತೆ ಚಿಗುರು ಬರುತ್ತಲೇ ಇರುತ್ತದೆ. ಹಿತ್ತಲಲ್ಲಿ ದಾಲ್ಚಿನ್ನಿ ಇದ್ದರೆ ಹೀಗೆ ಮಾಡಿ, ಕಾಂಡ ಕೆತ್ತುತ್ತಾ ಕೂರಬೇಡಿ.

ಒಂದು ಗಿಡ ನೆಡುವುದಾದರೆ

ಹಾಲೆ ಬೇಗ ಬೆಳೆಯುವ ಮರ. ಮಳೆ ಕಳೆದು ಚಳಿ ಶುರುವಾಗುವ ಹೊತ್ತಿಗೆ ಹೂ ಬಿಡುತ್ತದೆ, ಬೇಸಿಗೆಯ ಹೊತ್ತಿಗೆ ಜೋಡಿ ಜೋಡಿಯಾಗಿ ನೇತಾಡುವ ಸಪೂರ ಕೋಡುಗಳು ಒಡೆಯುತ್ತವೆ. ಬೀಜದ ಎರಡೂ ತುದಿಯಲ್ಲಿ ಕೂದಲಿನ ಗೊಂಚಲು ಇರುವುದರಿಂದ ಒಡೆದ ಮೇಲೆ ಗಾಳಿಯಲ್ಲಿ ಹಾರಿ ಹೋಗುತ್ತದೆ. ಕೋಡು ಕಂದು ಬಣ್ಣಕ್ಕೆ ತಿರುಗಿದಾಗಲೇ ಕೊಯ್ದು ಬಟ್ಟೆಯಲ್ಲಿ ಕಟ್ಟಿ ಒಣಗಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ಮೇಲೆ ಮೇಲೆ ಬಿತ್ತಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ನರ್ಸರಿಯಲ್ಲಿ ಸಪ್ತಪರ್ಣಿ ಅಂತ ಕೇಳಿ. ಎಲೆಯ ಕಹಿಗೆ ದನ ಅಷ್ಟಾಗಿ ಬಾಯಿ ಹಾಕುವುದಿಲ್ಲ, ಬೇಲಿಯ ಖರ್ಚು ಕಡಿಮೆ. ಮನೆಗೆ ಅಂಟಿಕೊಂಡು ಮಾತ್ರ ನೆಡಬೇಡಿ. ಮರ ಮೆದು, ಗಾಳಿಮಳೆಗೆ ಕೊಂಬೆ ಮುರಿಯುತ್ತದೆ. ಹೂವಿನ ಕಾಲದಲ್ಲಿ ಸಂಜೆಯಾದರೆ ಬರುವ ಗಾಢ ವಾಸನೆಗೆ ಕೆಲವರಿಗೆ ತಲೆನೋವೂ ಬರುತ್ತದೆ. ಜಾಗದ ಗಡಿಯಲ್ಲಿ, ಬಾವಿಯಿಂದಲೂ ವಿದ್ಯುತ್ ತಂತಿಯಿಂದಲೂ ದೂರ, ಒಂದರ ಬದಲು ಮೂರು ನೆಟ್ಟರೆ ಆಮೇಲೆ ಸರದಿ ಪ್ರಕಾರ ಕೆತ್ತೆ ತೆಗೆಯಲು ಅನುಕೂಲ.